ಕೆಸರಿನಲ್ಲಿಟ್ಟ ಕಬ್ಬಿಣದ ದೋಣಿ

ಶಿಷ್ಯ ಕೇಳಿದ: "ಗುರುಗಳೇ, ಅಣ್ಣನ ಮೇಲಿನ ಸಿಟ್ಟನ್ನು ಹೂತುಬಿಟ್ಟಿದ್ದೇನೆ. ಮಠಕ್ಕೆ ಬಂದಮೇಲೆ ಅವನ ಹೆಸರೆತ್ತಿಲ್ಲ. ಅವನು ನೋಡಲು ಬಂದಾಗಲೂ ಹೊರಗೆ ಹೋಗಲಿಲ್ಲ. ಸಿಟ್ಟು ಸತ್ತಿತು ಎನ್ನಬಹುದೇ?"

"ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಹೊಳೆಯ ನಡುಗಡ್ಡೆಯಲ್ಲಿ ಒಂದು ಊರು. ಊರಿಗೆ ಒಬ್ಬ ಅಂಬಿಗ. ಅವನ ಮರದ ದೋಣಿ ಮುದಿಯಾಯಿತು. ಊರವರು ಕೂಡಿ ಕಬ್ಬಿಣದ ದೋಣಿ ಮಾಡಿಸಿಕೊಟ್ಟರು. ಆಚೆ ದಡದ ಕಮ್ಮಾರ ಅದನ್ನು ಬೆಸೆದ.

ಬೇಸಿಗೆಯಲ್ಲಿ ಹೊಳೆ ಮೊಣಕಾಲಿಗೆ ಇಳಿಯುತ್ತದೆ. ಜನ ನಡೆದೇ ದಾಟುತ್ತಾರೆ. ಆಗ ಮರದ ದೋಣಿಯನ್ನು ಮಡುವಿನ ಕೆಸರಿನಲ್ಲಿ ಹೂತಿಡುವುದು ಅಂಬಿಗರ ರೂಢಿ. ಹೊರಗಿಟ್ಟರೆ ಹಲಗೆ ಬಿರಿಯುತ್ತದೆ. ಅಪ್ಪ ಹಾಗೆ ಮಾಡಿದ್ದ, ಅಜ್ಜ ಹಾಗೆ ಮಾಡಿದ್ದ. ಅಂಬಿಗ ಕಬ್ಬಿಣದ ದೋಣಿಯನ್ನೂ ಹೂತ. ಅಂಗಳದಲ್ಲಿ ಬಿಟ್ಟ ಗುದ್ದಲಿ ತುಕ್ಕು ಹಿಡಿದದ್ದನ್ನು ಅವನು ಕಂಡಿದ್ದ. ಗಾಳಿ ತಾಗದಿದ್ದರೆ ತುಕ್ಕಿಲ್ಲ ಎಂದು ಲೆಕ್ಕ ಹಾಕಿದ.

ಮಳೆ ಬಂತು. ದೋಣಿಯನ್ನು ಎತ್ತಿದರು. ತಳದ ತುಂಬ ಕಪ್ಪು ಲೋಳೆ. ಕೊಳೆತ ಮೊಟ್ಟೆಯ ನಾತ.

ನೋಡಲು ಬಂದ ಕಮ್ಮಾರ ಹೇಳಿದ: "ಕೆರೆದು ನೋಡು. ಈ ನಾತ ಒಳ್ಳೆಯದಲ್ಲ."

"ಕೆಸರಿನಿಂದ ಎದ್ದದ್ದು ಮಲ್ಲಿಗೆಯಂತೆ ಘಮಘಮಿಸೀತೇ? ಕೆಂಪು ತುಕ್ಕು ಎಲ್ಲಿದೆ, ತೋರಿಸು."

ಕೆಂಪು ಎಲ್ಲಿಯೂ ಇರಲಿಲ್ಲ. ಅಂಬಿಗ ಲೋಳೆಯನ್ನು ಬಟ್ಟೆಯಿಂದ ಒರೆಸಿದ. ಒರೆಸಿ ಉಳಿದದ್ದರ ಮೇಲೆ ಬಣ್ಣ ಬಳಿದ. ದೋಣಿ ಹೊಳೆಯಿತು. ವರ್ಷ ವರ್ಷವೂ ಹಾಗೆಯೇ ಮಾಡಿದ.

ಒಂದು ಮಳೆಗಾಲ ಅಂಬಿಗನ ಮಗಳಿಗೆ ಹೆರಿಗೆ ನೋವು ಬಂತು. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಅವಳನ್ನು ಕೂರಿಸಿಕೊಂಡು ಹೊರಟ ದೋಣಿ ನಡುಹೊಳೆಗೆ ಹೋದಾಗ ತಳದಿಂದ ನೀರು ಚಿಮ್ಮಿತು. ಅಂಬಿಗ ತೂತಿಗೆ ಹಿಮ್ಮಡಿ ಒತ್ತಿ ನಿಂತ. ಪಕ್ಕದಲ್ಲಿ ಇನ್ನೊಂದು ತೂತು ಬಿತ್ತು. ಹೆಂಡತಿ ಕಂಬಳಿ ತುರುಕಿದಳು. ಅಳಿಯ ನೀರು ಮೊಗೆದ. ಮುಳುಗುವ ಮೊದಲು ದಡ ಸಿಕ್ಕಿತು. ಮಗಳು ಕಮ್ಮಾರನ ಕೊಟ್ಟಿಗೆಯಲ್ಲೇ ಹೆತ್ತಳು. ತಾಯಿಯೂ ಕೂಸೂ ಉಳಿದರು.

ಮರುದಿನ ಅಂಬಿಗ ಕೇಳಿದ: "ತುಕ್ಕೇ ಇರಲಿಲ್ಲ. ಏನು ತಿಂದಿತು?"

ಕಮ್ಮಾರ ಮೊಳೆಯಿಂದ ಬಣ್ಣ ಎಬ್ಬಿಸಿದ. ಕೆಳಗೆ ಕಪ್ಪು. ಕಪ್ಪಿನ ಕೆಳಗೆ ಗುಳಿ. ಬೆರಳು ಒತ್ತಿದರೆ ಆಚೆಗೆ ಹೋಯಿತು.

"ಗಾಳಿಯಿಂದ ಹಿಡಿಯುವ ತುಕ್ಕು ಒಂದು ಬಗೆ. ಗಾಳಿಯೇ ಬೇಡದ ಜೀವಾಣುಗಳು ಬೇರೆ ಇವೆ. ಕಣ್ಣಿಗೆ ಕಾಣುವುದಿಲ್ಲ. ಕೆಸರಿನಲ್ಲಿ, ಲೋಳೆಯ ಅಡಿಯಲ್ಲಿ ಬದುಕುತ್ತವೆ. ಆ ನಾತ ಅವುಗಳದೇ. ಅವು ಬಿಡುವ ವಿಷ ಕಬ್ಬಿಣವನ್ನು ಕೊರೆಯುತ್ತದೆ. ನೀನು ದೋಣಿ ಹೂತು ಅವಕ್ಕೆ ಮನೆ ಕೊಟ್ಟೆ. ಬಣ್ಣ ಬಳಿದು ಸೂರು ಹೊದಿಸಿದೆ."

"ಇನ್ನೊಂದು ದೋಣಿ ಮಾಡಿಸುವ ಶಕ್ತಿ ಊರಿಗಿಲ್ಲ. ಇದನ್ನೇ ಉಳಿಸುತ್ತೇನೆ. ದಾರಿ ಹೇಳು."

"ಸತ್ತ ತಗಡು ತೆಗೆದು ಹೊಸದು ಬೆಸೆಯುವುದು ನನ್ನ ಕೆಲಸ. ಉಳಿದದ್ದನ್ನು ನೀನು ಕೆರೆ. ಲೋಹ ಬೆಳ್ಳಗೆ ಕಾಣುವ ತನಕ ಕೆರೆ. ತೊಳೆದು ಒಣಗಿಸು. ಬಣ್ಣ ಆಮೇಲೆ. ಕಬ್ಬಿಣಕ್ಕಿಂತ ಬೇಗ ಸವೆಯುವ ಲೋಹದ ತುಂಡೊಂದನ್ನು ತಳಕ್ಕೆ ಬಿಗಿಯೋಣ. ನೀರು ಮೊದಲು ಅದನ್ನು ತಿನ್ನಲಿ. ಬೇಸಿಗೆಯಲ್ಲಿ ದಿಮ್ಮಿಯ ಮೇಲೆ ಎತ್ತಿಡು. ಒಳಗೆ ನೀರು ನಿಲ್ಲಬಾರದು."

"ಒಮ್ಮೆ ಕೆರೆದರೆ ಸಾಕೇ?"

"ಒಮ್ಮೆ ಉಂಡರೆ ಸಾಕೇ?"

ಅಂಬಿಗ ಕೆರೆಯಲು ಕುಳಿತ. ಊರವರು ತೆಪ್ಪದಲ್ಲಿ ದಾಟುತ್ತ, "ಅಂಬಿಗನಿಗೆ ಕೆರೆತ ಹತ್ತಿದೆ" ಎಂದು ನಕ್ಕರು. ಅವನು ತಲೆಯೆತ್ತಲಿಲ್ಲ. ಅಂಗೈ ಸುಲಿಯಿತು. ಬಟ್ಟೆ ಸುತ್ತಿಕೊಂಡು ಕೆರೆದ. ನಾತ ಹೋಗುವ ತನಕ ಬಣ್ಣದ ಡಬ್ಬಿ ಮುಟ್ಟಲಿಲ್ಲ. ಆಮೇಲೆ ಪ್ರತಿ ವರ್ಷ ಕೆರೆದ. ಕೊಟ್ಟಿಗೆಯಲ್ಲಿ ಹುಟ್ಟಿದ ಆ ಮೊಮ್ಮಗಳು ಅದೇ ದೋಣಿಯಲ್ಲಿ ದಾಟಿ ಶಾಲೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಕೆರೆಯುತ್ತೇನೆ, ಗುರುಗಳೇ. ಎಲ್ಲಿಂದ ಶುರುಮಾಡಲಿ?"

"ಜಗಲಿಯಿಂದ. ನಿನ್ನ ಅಣ್ಣ ಬೆಳಗಿನಿಂದ ಅಲ್ಲೇ ಕೂತಿದ್ದಾನೆ."