ಉಂಡಿ ಮನೆಯ ಪರೀಕ್ಷೆ

ನನ್ನ ಹಳೆಯ ದಿನಚರಿಯಲ್ಲಿ 2020ರ ಆಗಸ್ಟ್ 14, ಶುಕ್ರವಾರದ ಪುಟದಲ್ಲಿ ಹೀಗಿದೆ: ‘ಉಂಡಿ ಮನೆಯ ಪರೀಕ್ಷೆಯನ್ನು ರಾಚಯ್ಯ ಈ ಸಲ ಫೋನಿನಲ್ಲೇ ಮಾಡಿದ. ಎಲ್ಲವೂ ಸರಿಯಿದೆಯಂತೆ.’

ರಾಚಯ್ಯ ಆಗ ನಾನೂ ಇದ್ದ ಹೊಳೆದಂಡೆಯ ಆಶ್ರಮದ ಶಿಷ್ಯ. ಅಲ್ಲಿಂದ ಎಪ್ಪತ್ತು ಮೈಲಿ ದೂರದ ಶಾಖೆಯಲ್ಲಿ ಬಡ ಬಾಣಂತಿಯರಿಗೆಂದು ಬೆಲ್ಲ, ಕೊಬ್ಬರಿ, ಹುರಿದ ಅಂಟು ಹಾಕಿದ ಅಂಟಿನ ಉಂಡಿ ಕಟ್ಟುತ್ತಿದ್ದರು. ವರ್ಷಕ್ಕೊಮ್ಮೆ ಹೋಗಿ ಅವುಗಳ ಗುಣ ನೋಡಿ ಬರುವುದು ಅವನ ಪಾಲಿನ ಸೇವೆ. ಆ ವರ್ಷ ಕೊರೊನಾ ರೋಗದ ಭಯ. ಆಶ್ರಮದವರು ಯಾರೂ ಊರು ಬಿಡುವಂತಿರಲಿಲ್ಲ.

ಅವನು ಸೋಮಾರಿಯಲ್ಲ. ಎಂಟು ದಿನ ಮೊದಲೇ ಪಟ್ಟಿ ಮಾಡಿದ. ಎಷ್ಟು ಹೊತ್ತಿಗೆ ಫೋನು, ಮೊದಲು ಏನು ತೋರಿಸಬೇಕು, ಆಮೇಲೆ ಏನು.

ಗುರುಗಳಾದ ಅಜ್ಜನವರು ಪಟ್ಟಿ ಓದಿದರು.

“ಎಲ್ಲಕ್ಕೂ ಮೊದಲು ಅಲ್ಲಿಯವರ ಜೋಡಿ ಊಟ ಅಂತ ಇರ್ತಿತ್ತಲ್ಲೊ, ಎಲ್ಲಿ ಹೋತು?”

“ಫೋನಿನ್ಯಾಗ ಊಟ ಹೆಂಗ್ರೀ ಅಜ್ಜಾರ? ಪರೀಕ್ಷಾಕ್ಕ ಸಂಬಂಧ ಇಲ್ಲಂತ ತಗದೀನ್ರಿ.”

ಅಜ್ಜನವರು ಪಟ್ಟಿಯನ್ನು ತಿರುಗಿ ಕೊಟ್ಟರು. ಮತ್ತೇನೂ ಅನ್ನಲಿಲ್ಲ.

ಶಾಖೆಯಲ್ಲಿ ಫೋನು ಹಿಡಿದವಳು ದಾನವ್ವ. ಉಳಿದವರು ಭಯಕ್ಕೆ ಮನೆ ಸೇರಿದ್ದರು. ಅವಳೊಬ್ಬಳೇ ಉಂಡಿ ಕಟ್ಟುತ್ತಿದ್ದಳು. ತೊಳೆದ ಪರಾತ ತೋರಿಸಿದಳು, ಬೆಲ್ಲದ ಡಬ್ಬಿ ತೋರಿಸಿದಳು, ಕೊಬ್ಬರಿ ಚೀಲ ತೋರಿಸಿದಳು.

“ಯವ್ವಾ, ಒಂದು ಉಂಡಿ ಮುರದು ಬಾಯಾಗ ಹಾಕ್ಕೊ. ಕೊಬ್ಬರಿ ಕಮಟು ಬಂದಿಲ್ಲಲ್ಲ?”

ತಿಂದಳು. “ಇಲ್ರೀ ಅಯ್ಯಾರ. ಚೊಲೋ ಅದಾವು.”

“ನೀ ಅಂದಮ್ಯಾಗ ಮುಗೀತು.”

ಒಂದು ತಾಸಿನಲ್ಲಿ ಎಲ್ಲ ಮುಗಿಯಿತು. “ಹೋಗಿದ್ರ ಎರಡು ದಿನ ಹಿಡೀತಿತ್ರಿ,” ಎಂದ ರಾಚಯ್ಯ.

“ಅದರಾಗ ಒಂದು ದಿನ ನೀ ಉಣ್ಣೋದಕ್ಕ ಬೇಕಾಗ್ತಿತ್ತು,” ಎಂದು ಅಜ್ಜನವರು ನಕ್ಕರು.

ಹದಿನೈದು ದಿನಕ್ಕೆ ಸುದ್ದಿ ಬಂತು. ಉಂಡಿ ತಿಂದ ಹನ್ನೊಂದು ಬಾಣಂತಿಯರು ವಾಂತಿ ಭೇದಿಯಿಂದ ಮಲಗಿದ್ದರು. ಕೊಬ್ಬರಿ ಕೆಟ್ಟಿತ್ತು. ವಾಸನೆ ಬಂದರೂ, ಅಜ್ಜಾರ ಪ್ರಸಾದ ಚೆಲ್ಲಬಾರದೆಂದು ಮೂಗು ಹಿಡಿದು ತಿಂದಿದ್ದರು.

ರಾಚಯ್ಯ ಯಾರದೋ ಟೆಂಪೋ ಹತ್ತಿ ಹೋದ. ದಾನವ್ವ ರೊಟ್ಟಿ ಪಲ್ಯ ಬಡಿಸಿ, ತಾನೂ ತಟ್ಟೆ ಹಿಡಿದು ಕೂತಳು.

ಮೊದಲ ತುತ್ತಿಗೇ ಅವನು ಮುಖ ಕಿವಿಚಿದ. ಪಲ್ಯ ಬರೀ ಉಪ್ಪು. ಅವಳು ಅದನ್ನೇ ಸಲೀಸಾಗಿ ಉಣ್ಣುತ್ತಿದ್ದಳು.

“ಯಾವಾಗಿಂದ ಯವ್ವಾ?”

“ಆಷಾಢದಾಗ ಜ್ವರ ಬಂದಿದ್ವು ನೋಡ್ರಿ, ಅವಾಗಿಂದ. ವಾಸನಿ ಇಲ್ಲ, ರುಚಿ ಇಲ್ಲ.”

“ಯಾಕ ಹೇಳಲಿಲ್ಲ?”

“ನಾಲಿಗಿ ಸತ್ತಾಕೀನ್ನ ಉಂಡಿ ಕಟ್ಟಾಕ ಯಾರು ಇಟ್ಕೋತಾರ್ರೀ? ಬ್ಯಾರೆ ಕೆಲಸ ನನಗ ಬರಂಗಿಲ್ಲ. ನೀವು ಕಮಟು ಇಲ್ಲಲ್ಲ ಅಂದ್ರಿ. ನಾನೂ ಇಲ್ಲ ಅಂದೆ.”

ರಾಚಯ್ಯ ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡೇ ಎದ್ದ.

ತಿರುಗಿ ಬಂದು ಅಜ್ಜನವರ ಎದುರು ಕೂತ. “ದೂರದಿಂದ ನೋಡಿದ್ದು ತಪ್ಪಾತ್ರಿ ಅಜ್ಜಾರ.”

“ದೂರದ್ದೇನು ತಪ್ಪು? ‘ಉಂಡ್ಯಾ ಯವ್ವಾ, ಊಟ ರುಚಿ ಹತ್ತೇತೇನು’ ಅಂತ ಕೇಳಾಕ ಬಸ್ಸು ಬೇಕಾಗಿತ್ತೇನು?”

ಶಿಷ್ಯ ತಲೆ ತಗ್ಗಿಸಿದ. “ನಿಮಗ ಗೊತ್ತಿತ್ತೇನ್ರಿ?” ಎಂದ.

“ಗೊತ್ತಿದ್ರ ಹೇಳ್ತಿದ್ನಿ. ಊಟ ತಗದದ್ದು ಕಂಡೂ ಸುಮ್ಮನಾದ್ನಲ್ಲ, ಅಷ್ಟು ನನ್ನ ಪಾಲು.”

ವರ್ಷದ ಕೊನೆಗೆ ಪರೀಕ್ಷೆಯ ವರದಿ ಬರೆಯಬೇಕಾಯಿತು. ರಾಚಯ್ಯ ಪುಸ್ತಕ ತೆರೆದು ಕೂತ. ಪೆನ್ನು ಮುಂದೆ ಸಾಗಲಿಲ್ಲ.

“ಏನಂತ ಬರೀಲ್ರಿ? ದಾನವ್ವನ ಸುಳ್ಳು ಅಂತ ಬರೀಲೇನು?”

ಅಜ್ಜನವರು ಹೊಳೆಯ ಕಡೆ ಮುಖ ಮಾಡಿ, ನಿಧಾನವಾಗಿ ಹೇಳಿ ಬರೆಸಿದರು.

“ಹನ್ನೊಂದು ಮಂದಿ ಬಾಣಂತೇರು ಬ್ಯಾನಿ ಬಿದ್ರು; ಎಲ್ಲಾರೂ ಆರಾಮಾದ್ರು. ಮೂರು ಕೂಸು ಬಾಟ್ಲಿ ಹಾಲಿಗೆ ಬಿದ್ದು, ಮತ್ತ ತಾಯಿ ಎದೀಗೆ ಬರಲಿಲ್ಲ. ಮೂವತ್ತೊಂದು ವರ್ಷ ಉಂಡಿ ಕಟ್ಟಿದ ದಾನವ್ವ, ನಾವು ಇರು ಇರು ಅಂದ್ರೂ, ಮಗಳ ಊರಿಗೆ ಹೋದ್ಲು. ದೀಪಾವಳಿ ಹೊತ್ತಿಗೆ ಆಕಿ ನಾಲಿಗಿಗೆ ರುಚಿ ತಿರುಗಿ ಬಂತಂತ; ಆಕಿ ಮಾತ್ರ ತಿರುಗಿ ಬರಲಿಲ್ಲ.”