ಹೊಳೆಯ ದಂಡೆಯ ಎರಡು ಗೋಡೆಗಳು

"ಅಪ್ಪಾರ, ನಮ್ಮ ಮಠದ ಮದ್ದಿನ ವಿವರಾನ ಎಲ್ಲಿ ಹಾಕ್ಲಿ? ಬ್ಲಾಗಿನ್ಯಾಗ ಹಾಕಿದ್ರ ಅದು ನನ್ನೊಬ್ಬನ ಬರಹ, ಯಾರೂ ಮುಟ್ಟಾಂಗಿಲ್ಲ. ವಿಕಿಯೊಳಗ ಹಾಕಿದ್ರ ಯಾರು ಬೇಕಾದವ್ರು ತಿದ್ದತಾರ. ಓದೋ ಮಂದಿ ಯಾವುದನ್ನ ನಂಬಬೇಕ್ರಿ?"

ಹೀಗೆ ಕೇಳಿದವನು ಬಸವಂತ, ಮಠದಲ್ಲಿ ಮದ್ದು ಅರೆಯುವ ಶಿಷ್ಯ. ಸಿದ್ಧಯ್ಯ ಗುರುಗಳು ಅವನಿಗೆ ಈ ಕತೆ ಹೇಳಿದರು.

ಒಂದು ಹೊಳೆ. ಅದರ ತಳವೆಲ್ಲ ಉಸುಕು. ಇವತ್ತು ಕಾಲು ನಿಂತಲ್ಲಿ ನಾಳೆ ಆಳುದ್ದ ನೀರಿರುತ್ತಿತ್ತು. ಆದ್ದರಿಂದ ದಂಡೆಯ ಊರಿನವರು ದಾಟುವ ದಾರಿಯನ್ನು ಗೋಡೆಯ ಮೇಲೆ ಬರೆದಿಡುತ್ತಿದ್ದರು. ಅಂಥ ಗೋಡೆಗಳು ಎರಡಿದ್ದವು.

ಒಂದು ಅಂಬಿಗನ ಮನೆಯದು. ಅವನು ದಿನಾ ಬೆಳಗ್ಗೆ ಬಿದಿರು ಹಿಡಿದು ಹೊಳೆಗಿಳಿದು, ತಳ ನೋಡಿ ಬಂದು ಬರೆಯುತ್ತಿದ್ದ. ಕೆಳಗೆ ತನ್ನ ಹೆಸರು ಮತ್ತು ಅಂದಿನ ದಿನ. ಓದಿದವರು ಅಡಿಯಲ್ಲಿ ಒಂದು ಮಾತು ಸೇರಿಸಬಹುದು, ಅವನ ಅಕ್ಷರ ಮುಟ್ಟುವಂತಿಲ್ಲ. ತುಸು ಜಂಬದ ಮನುಷ್ಯ, ಆದರೆ ಕೆಲಸದಲ್ಲಿ ಸುಳ್ಳಿರಲಿಲ್ಲ.

ಇನ್ನೊಂದು, ಅದೇ ದಂಡೆಯಲ್ಲಿದ್ದ ಮಂಟಪದ ಗೋಡೆ, ಎಲ್ಲರದು. ದಾಟಿ ಬಂದವನು ಕಾಲಿನ ನೀರು ಆರುವ ಮೊದಲೇ ಅದರ ಮುಂದೆ ನಿಲ್ಲಬೇಕು. ಬರೆದದ್ದು ತಪ್ಪಿದ್ದರೆ ಒದ್ದೆ ಅರಿವೆಯಿಂದ ಒರೆಸಿ, ತಾನು ಕಂಡದ್ದನ್ನು ಬರೆಯಬೇಕು. ಹೆಸರು ಹಾಕುವ ಪದ್ಧತಿ ಇರಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ಕುಂಬಾರ ಹೆಂಡತಿಯನ್ನು ಹೊತ್ತುಕೊಂಡು ದಂಡೆಗೆ ಬಂದ. ಅವಳಿಗೆ ಹೆರಿಗೆ ನೋವು, ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ.

ಅವನು ಮೊದಲು ಅಂಬಿಗನ ಗೋಡೆ ಓದಿದ. 'ಆಲದ ಮರದ ನೇರಕ್ಕೆ ಹೋಗಿ, ನೆಲ ಗಟ್ಟಿ.' ಬರೆದು ಒಂಬತ್ತು ದಿನವಾಗಿತ್ತು. ಅಡಿಯಲ್ಲಿ ಬೇರೆ ಯಾರೋ ಬರೆದಿದ್ದರು: 'ಮೊನ್ನೆ ಅಲ್ಲಿ ನಮ್ಮ ಎಮ್ಮೆ ಮುಳುಗಿತು.' ಅದಕ್ಕೆ ಉತ್ತರವಿರಲಿಲ್ಲ. ಅಂಬಿಗ ಜ್ವರ ಹತ್ತಿ, ಒಳಗೆ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದ.

ಕುಂಬಾರ ಮಂಟಪಕ್ಕೆ ಓಡಿದ. 'ಕರಿಬಂಡೆಯ ಬಲಕ್ಕೆ ಹೋಗಿ, ಮೊಳಕಾಲುದ್ದ ನೀರು' ಎಂದು ಅಲ್ಲಿತ್ತು. ಎಷ್ಟೋ ಕೈಗಳು ಒರೆಸಿ ತಿದ್ದಿದ ಗುರುತುಗಳಿದ್ದವು. ಕಟ್ಟೆಯ ಮೇಲೆ ಒಬ್ಬ ಉಪ್ಪಿನ ವ್ಯಾಪಾರಿ ಕುಳಿತಿದ್ದ.

"ಯಣ್ಣಾ, ಇದು ಖರೇ ಐತೇನು?" ಎಂದು ಕುಂಬಾರ ಕೇಳಿದ.

ಆ ವ್ಯಾಪಾರಿ ಅಂದು ಬೆಳಗ್ಗೆ ಅದೇ ಬಂಡೆಯ ಬಲಕ್ಕೆ ಇಳಿದಿದ್ದ. ಗುಂಡಿಗೆ ಬಿದ್ದು, ಮೂಟೆ ಬಿಟ್ಟು, ಹೇಗೋ ಜೀವ ಉಳಿಸಿಕೊಂಡು ಬಂದಿದ್ದ. ಒರೆಸಲು ಅರಿವೆಯನ್ನು ಕೈಗೂ ತೆಗೆದುಕೊಂಡಿದ್ದ. ಆಮೇಲೆ ಅಂಜಿದ. ಇಷ್ಟು ಜನ ಬರೆದದ್ದನ್ನು ನಾನೊಬ್ಬ ಒರೆಸಲೇ? ನನ್ನ ಕಾಲೇ ಜಾರಿರಬಹುದು. ಊರ ಉಸಾಬರಿ ನನಗೇಕೆ, ಬಲ್ಲವರು ಯಾರಾದರೂ ತಿದ್ದಲಿ. ಹಾಗೆಂದುಕೊಂಡು ಕುಳಿತ. ಕಾಲು ಆರಿಹೋಯಿತು.

ಈಗ ಅವನ ಅಂಜಿಕೆ ಇಮ್ಮಡಿಯಾಯಿತು. ಗೋಡೆಯ ಬರಹ ತಪ್ಪು ಎಂದು ಹೇಳಿದರೆ, ಬೆಳಗ್ಗೆಯೇ ಏಕೆ ಒರೆಸಲಿಲ್ಲ ಎಂಬ ಪ್ರಶ್ನೆ ಬರುತ್ತದೆ.

"ಇಷ್ಟು ಮಂದಿ ಬರದದ್ದು ಸುಳ್ಳಿರತೈತೇನಪಾ?" ಎಂದ.

ಕುಂಬಾರ ಹೆಂಡತಿಯನ್ನು ಹೊತ್ತು ನೀರಿಗಿಳಿದ. ಹನ್ನೊಂದು ಹೆಜ್ಜೆಗೆ ನೆಲ ಸಿಕ್ಕಿತು. ಹನ್ನೆರಡನೆಯದಕ್ಕೆ ಸಿಗಲಿಲ್ಲ. ಕೆಳಗಿನ ಊರಿನವರು ಅವನನ್ನು ಎಳೆದು ದಡಕ್ಕೆ ಹಾಕಿದರು. ಹೆಂಡತಿ ಸಿಗಲಿಲ್ಲ. ವ್ಯಾಪಾರಿ ದಂಡೆಯಲ್ಲೇ ನಿಂತಿದ್ದ. ಕೂಗಲು ಅವನಿಗೆ ಬಾಯಿ ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಬಸವಂತ ಕೇಳಿದ: "ಹಂಗಾದ್ರ ತಪ್ಪು ಯಾವ ಗ್ವಾಡಿದ್ರಿ, ಅಪ್ಪಾರ?"

"ಗ್ವಾಡಿದಲ್ಲೋ ತಮ್ಮಾ, ಆ ಉಪ್ಪಿನ ವ್ಯಾಪಾರಿ ನಾನ."