ಗರುಡನ ಮರಿ ಮತ್ತು ಉದ್ದನೆಯ ಲೆನ್ಸು

ಇದು ಹೋದ ವರ್ಷ ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ನಡೆದದ್ದು.

ಕಾವೇರಿಯ ದಡದಲ್ಲಿ ತಿರುಮಲಯ್ಯ ಗುರುಗಳ ಆಶ್ರಮ. ಎದುರು ದಡದ ಹೊಳೆಮತ್ತಿ ಮರದಲ್ಲಿ ಗರುಡ ಜೋಡಿಯ ಗೂಡು, ಗೂಡಿನಲ್ಲಿ ಒಂದೇ ಮರಿ. ಅದರ ಮೊದಲ ಹಾರಾಟದ ಚಿತ್ರ ತೆಗೆಯಬೇಕೆಂದು ಶಿಷ್ಯ ವರದ ಅದು ಮೊಟ್ಟೆಯಾಗಿದ್ದಾಗಿನಿಂದ ಕಾಯುತ್ತಿದ್ದ.

ಗರುಡ ಕಂಡರೆ ಆಶ್ರಮದಲ್ಲಿ ಎಲ್ಲರೂ ನಿಂತು ಕೈ ಮುಗಿಯುತ್ತಿದ್ದರು. ವರದನ ಕೈಯಲ್ಲಿ ಕ್ಯಾಮೆರಾ ಇರುತ್ತಿತ್ತು. ಆ ಬೆಳಿಗ್ಗೆ ಇಬ್ಬರೂ ಈಚೆ ದಡದಲ್ಲಿ ನಿಂತಿದ್ದಾಗ ವರದ ಕೇಳಿದ:

“ಗುರುಗಳೇ, ನಾಳೆ ಮೈಸೂರಿಗೆ ಹೋಗಿಬರಲೇ? ಒಂದು ಲೆನ್ಸ್ ಕೊಳ್ಳಬೇಕು.”

“ಕತ್ತಿನಲ್ಲಿ ನೇತಾಡುತ್ತಿರುವುದು ಏನಪ್ಪಾ?”

“ಇದು ಮುನ್ನೂರು ಮಿಲಿಮೀಟರಿನದು. ಅದು ಆರುನೂರರದು, ಇನ್ನೂ ಉದ್ದ.”

“ಇದಕ್ಕೂ ಮುಂಚೆ ಒಂದಿತ್ತಲ್ಲ?”

“ಅದು ಇನ್ನೂರು.”

“ಮರಿಗಿಂತ ನಿನ್ನ ಕೊಳವೆಯೇ ಬೇಗ ಬೆಳೆಯುತ್ತಿದೆಯಲ್ಲೋ!”

ವರದ ನಕ್ಕ. ಆಸೆ ಮಾತ್ರ ಬಿಡಲಿಲ್ಲ. “ಹೊಸದರಲ್ಲಿ ಆಚೆ ದಡದ ಹಕ್ಕಿಯ ಕಣ್ಣುರೆಪ್ಪೆಯೂ ಕಾಣುತ್ತದೆ. ತೂಕ ಜಾಸ್ತಿ, ಟ್ರೈಪಾಡ್ ಬೇಕಾಗುತ್ತದೆ.”

“ಎರಡು ಕೈ ಸಾಲದೆ ಈಗ ಮೂರು ಕಾಲೂ ಬೇಕು. ಇರಲಿ, ಹಕ್ಕಿ ಹತ್ತಿರ ಬಂದರೆ?”

“ತೀರಾ ಹತ್ತಿರದ್ದು ಅದಕ್ಕೆ ಕಾಣುವುದಿಲ್ಲ, ಗುರುಗಳೇ.”



ಅಷ್ಟರಲ್ಲಿ ತಾಯಿ ಗರುಡ ಹೊಳೆಯಿಂದ ಮೀನೆತ್ತಿತು. ಗೂಡಿಗೆ ಹೋಗಲಿಲ್ಲ. ಈಚೆ ದಡಕ್ಕೆ ಬಂದು, ಇವರ ಹಿಂದಿದ್ದ ಒಣಮರದ ಮೇಲೆ ಕುಳಿತು ಕೂಗಿತು. ಆಚೆ ದಡದಲ್ಲಿ ಮರಿ ಗೂಡಿನ ಅಂಚಿಗೆ ಬಂದು ರೆಕ್ಕೆ ಬಿಚ್ಚಿತು.

ವರದ ಕ್ಯಾಮೆರಾ ಎತ್ತಿದ.

“ಅದನ್ನು ಇಲ್ಲಿ ಕೊಡು,” ಎಂದರು ಗುರುಗಳು.

“ಈಗಲೇ ಹಾರುತ್ತದೆ! ಇನ್ನೊಮ್ಮೆ ಸಿಗುವುದಿಲ್ಲ, ಗುರುಗಳೇ!”

“ಅದಕ್ಕೇ ಕೇಳಿದ್ದು.”

ವರದ ಕತ್ತಿನ ಪಟ್ಟಿ ತೆಗೆದು ಕೊಟ್ಟ.

ಮರಿ ಜಿಗಿಯಿತು. ನೀರಿನತ್ತ ಕುಸಿಯಿತು, ತಡವರಿಸಿತು, ಮೇಲೆದ್ದಿತು. ತಾಯಿಯ ಕೂಗು ಹಿಡಿದು ನೇರ ಇವರ ಕಡೆಗೇ ಬಂತು. ತಲೆಯ ಮೇಲೆ ಹಾದುಹೋದಾಗ ರೆಕ್ಕೆಯ ಗಾಳಿ ವರದನ ಹಣೆಗೆ ತಾಗಿತು.

ಅವನ ಕೈಗಳು ತಾವಾಗಿಯೇ ಮುಗಿದಿದ್ದವು.

ಮರಿ ಒಣಮರದ ಮೇಲೆ ಕುಳಿತ ಮೇಲೆ ವರದ ಕೇಳಿದ: “ಚಿತ್ರ ತೆಗೆದಿರಾ?”

“ಗುಂಡಿ ಎಲ್ಲಿದೆಯೋ ಯಾರಿಗೆ ಗೊತ್ತು! ಇದನ್ನು ಹಿಡಿದುಕೊಂಡು ನನಗೆ ಕೈ ಮುಗಿಯಲೂ ಆಗಲಿಲ್ಲ. ಪುಣ್ಯಕ್ಕೆ ನೀನು ಮುಗಿದೆ.”

ಗುರುಗಳು ಕ್ಯಾಮೆರಾ ಹಿಂದಿರುಗಿಸಿದರು. ವರದ ಅದನ್ನು ಪಕ್ಕದ ಕಲ್ಲಿನ ಮೇಲಿಟ್ಟು ಅವರ ಕಾಲಿಗೆ ನಮಸ್ಕರಿಸಿದ.

“ನಾಳೆ ಬೆಳಿಗ್ಗೆಯೂ ಇಲ್ಲೇ ಇರುತ್ತೇನೆ, ಗುರುಗಳೇ.”

ಒಣಮರದ ಮೇಲೆ ಮರಿ ಮೀನು ಕಿತ್ತು ತಿನ್ನುತ್ತಿತ್ತು. ಒಂದು ಪಕ್ಕದಲ್ಲಿ ತಾಯಿ. ಇನ್ನೊಂದು ಪಕ್ಕಕ್ಕೆ ತಂದೆ ಹಕ್ಕಿಯೂ ಬಂದು ಕುಳಿತಿತು.

ಗುರುಗಳು ತಲೆಯೆತ್ತಿ ಕೈ ಮುಗಿದರು.

“ನಿನ್ನೆಯವರೆಗೆ ಈ ದಡಕ್ಕೆ ಎರಡು ಬರುತ್ತಿದ್ದವು,” ಎಂದರು. “ಇವತ್ತು ಮೂರು.”